ಮಡಕೆಗೆ ಯಾಕೆ ಕಂಪ್ಯೂಟರು?

ಕುಂಬಾರನ ತಿಗರಿಗೂ ಕಂಪ್ಯೂಟರಿಗೂ ಎಲ್ಲಿಯ ನಂಟು ಎನ್ನಬೇಡಿ. ಇಂದಿರಾನಗರದ ಕಡೆಯವರಿಗೆ ಚೆನ್ನಾಗಿ ಪರಿಚಿತವಾದ ‘ಡೈಲಿ ಡಂಪ್’ ಎಂಬ ಪುಟ್ಟ ಉದ್ದಿಮೆಯ ಕಥೆ ಕೇಳಿ.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿತ ಪೂನಂ ಬೀರ್ ಕಸ್ತೂರಿ 2006ರಲ್ಲಿ ಇದನ್ನು ಶುರು ಮಾಡಿದರು. ಅವರು ರೂಪಿಸಿದ್ದು ಒಂದರ ಮೇಲೊಂದು ಕೂರುವ ಮೂರು ಮಡಕೆ, ಹೆಸರು ‘ಕಂಬ’. ಅಡುಗೆಮನೆಯ ಹಸಿಕಸವನ್ನು ಮೇಲಿನ ಮಡಕೆಗೆ ಹಾಕಿ, ಒಣ ಎಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಉದುರಿಸಬೇಕು. ಅದು ತುಂಬಿದಾಗ ನಡುವಿನದರೊಂದಿಗೆ ಅದಲುಬದಲು. ತೂತುಗಳಿಂದ ಗಾಳಿಯಾಡುತ್ತದೆ, ಮಡಕೆಯ ಮೈ ಹೆಚ್ಚಿನ ತೇವ ಹೀರುತ್ತದೆ. ಕೆಲವು ತಿಂಗಳಲ್ಲಿ ಸೂಕ್ಷ್ಮಜೀವಿಗಳು ಗೊಬ್ಬರ ಮಾಡಿಕೊಡುತ್ತವೆ. ವಾಸನೆ ಬಂದರೆ ಒಣ ಎಲೆ ಸಾಲದು ಎಂದರ್ಥ. ಹುಳು ಕಂಡ ದಿನವೇ ಮಡಕೆಗೆ ಕೈಮುಗಿದವರೂ ಉಂಟು, ಬಿಡಿ. 2012ರಲ್ಲಿ ಮಾವಳ್ಳಿಪುರದ ಕಸದ ತಾಣ ಮುಚ್ಚಿ ಬೆಂಗಳೂರಿನ ಬೀದಿಗಳಲ್ಲಿ ಕಸ ಗುಡ್ಡೆ ಬಿದ್ದಾಗ, ಹಸಿಕಸವನ್ನು ಮನೆಯಲ್ಲೇ ಕರಗಿಸುವ ಈ ದಾರಿ ಸಿದ್ಧವಾಗಿತ್ತು.

ಆದರೆ ಮಡಕೆ ದೂರ ಹೋಗುವ ಸರಕಲ್ಲ. ಲಾರಿಯಲ್ಲಿ ಒಡೆಯುತ್ತದೆ, ಸಾಗಣೆಯ ಖರ್ಚು ಲಾಭವನ್ನು ನುಂಗುತ್ತದೆ. ಹಾಗಾಗಿ ಡೈಲಿ ಡಂಪ್ ಮಡಕೆಯ ಬದಲು ಅದರ ವಿನ್ಯಾಸವನ್ನೇ ಅಂತರಜಾಲದಲ್ಲಿ ಬಿಚ್ಚಿಟ್ಟಿತು. ಬೇರೆ ಊರಿನವರು ಅದನ್ನು ನೋಡಿ, ತಮ್ಮೂರ ಮಣ್ಣಿನಲ್ಲಿ, ತಮ್ಮೂರ ಕುಂಬಾರರಿಂದ ಮಾಡಿಸಿ ಮಾರಬಹುದು. ಇಂಥವರಿಗೆ ‘ಕ್ಲೋನ್’, ಅಂದರೆ ತದ್ರೂಪಿ ಎಂದೇ ಹೆಸರು.

ಬಿಚ್ಚಿಟ್ಟದ್ದನ್ನು ಎಲ್ಲರೂ ಓದಬಲ್ಲರೆ? ದಂಡು ಪ್ರದೇಶದ ಪಾಟರಿ ಟೌನ್‌ನಲ್ಲಿ ತಲೆಮಾರುಗಳಿಂದ ಕುಂಬಾರರಿದ್ದಾರೆ. ಅಂಥ ಮನೆಯಲ್ಲಿ ಮೊಬೈಲ್ ಇದ್ದ ಮಾತ್ರಕ್ಕೆ ಸಿದ್ಧತೆ ಮುಗಿಯಲಿಲ್ಲ. ನಕ್ಷೆಯ ಅಳತೆ ಓದಬೇಕು, ವಿಚಾರಿಸಿದವರಿಗೆ ದರ ಬರೆದು ಕಳಿಸಬೇಕು, ಬಿಲ್ ಮಾಡಬೇಕು. ಇದನ್ನೆಲ್ಲ ಮಧ್ಯವರ್ತಿ ಮಾಡಿದರೆ ಲಾಭದ ದೊಡ್ಡ ಪಾಲೂ ಅವನ ಜೇಬಿಗೇ.

ಚಿಕ್ಕ ದೇಶಗಳಿಗೂ ಇದೇ ಲೆಕ್ಕ. ಸುಮಾರು 13 ಲಕ್ಷ ಜನರಿರುವ ಎಸ್ಟೋನಿಯ 1996ರಲ್ಲಿ ‘ಹುಲಿ ನೆಗೆತ’ ಎಂಬ ಯೋಜನೆ ಸಾರಿ ಶಾಲೆಗಳಿಗೆ ಕಂಪ್ಯೂಟರ್ ತಂದಿತು. 2008ರ ಮೇ 3ರಂದು ಅಲ್ಲಿ ಸುಮಾರು 50,000 ಜನ, ಮೊದಲೇ ಕಂಪ್ಯೂಟರ್ ನಕ್ಷೆಯಲ್ಲಿ ಗುರುತಿಸಿಟ್ಟ ತಾಣಗಳಿಗೆ ಹೋಗಿ ಒಂದೇ ದಿನದಲ್ಲಿ ಸುಮಾರು 10,000 ಟನ್ ಕಸ ಎತ್ತಿದರು. ಶಾಲೆಯಲ್ಲಿ ಕಲಿತದ್ದು ಹೀಗೂ ಕೈಗೆ ಬರುತ್ತದೆ.

‘ಕಂಪ್ಯೂಟರ್ ಕಲಿತವರು ಮಣ್ಣು ಮುಟ್ಟುತ್ತಾರೆಯೇ?’ ಎಂದು ಕೇಳುವ ಪಾಲಕರಿದ್ದಾರೆ. ಅವರ ಮಕ್ಕಳಿಗೆ ಒಂದು ಲೆಕ್ಕ ಕೊಡುತ್ತೇನೆ. ಹಸಿ ಮಣ್ಣು ಒಣಗಿ ಬೆಂದಾಗ ಕುಗ್ಗುತ್ತದೆ. ಶೇ 10ರಷ್ಟು ಕುಗ್ಗುವ ಮಣ್ಣಿನಲ್ಲಿ 9 ಇಂಚು ಅಗಲದ ಮಡಕೆ ಬೇಕಾದರೆ, ಹಸಿಯಾಗಿದ್ದಾಗ ಅದು ಎಷ್ಟು ಅಗಲವಿರಬೇಕು? 9.9 ಎಂದಿರಾ? ತಪ್ಪು, 10 ಇಂಚು. ಅಪ್ಪನ ಕೈಗೆ ಇದು ಲೆಕ್ಕವಿಲ್ಲದೆಯೇ ಗೊತ್ತು. ಆದರೆ ಊರೂರಿನ ಮಣ್ಣು ಒಂದೇ ಸಮ ಕುಗ್ಗುವುದಿಲ್ಲ. ಬೇರೆಲ್ಲಿಂದಲೋ ಬಂದ ನಕ್ಷೆಗೆ ತಮ್ಮ ಮಣ್ಣಿನ ಮಡಕೆಯನ್ನು ಹೊಂದಿಸಬೇಕಾದರೆ, ಹಸಿಯಾಗಿದ್ದಾಗ ಒಮ್ಮೆ, ಬೇಯಿಸಿದ ಮೇಲೆ ಒಮ್ಮೆ ಅಳೆದು ಬರೆದಿಡಬೇಕು. ಆ ಕೆಲಸ ಶಾಲೆಗೆ ಹೋಗುವ ಮಗಳದು.