ಮಕ್ಕಳ ಮೊಗದ ಬಣ್ಣ: ಸಂಭ್ರಮವೂ ವಿವೇಕವೂ

ಊರು ಬಿಟ್ಟು ದೂರ ಬಂದು ನೆಲೆಸಿದವರು ಭಾಷೆ, ಅಡುಗೆ, ಮನೆದೇವರುಗಳ ಜೊತೆಗೆ ಹಬ್ಬಗಳನ್ನೂ ಗಂಟು ಕಟ್ಟಿಕೊಂಡು ಬರುತ್ತಾರೆ. ಹೋಟೆಲು, ಬ್ಯಾಂಕು, ರೈಲ್ವೆ, ತೈಲ ಶುದ್ಧೀಕರಣ, ಜವಳಿ ಮೊದಲಾದ ಉದ್ಯೋಗಗಳ ನಿಮಿತ್ತ ಅಹಮದಾಬಾದ್, ವಡೋದರಾ, ಸೂರತ್ ನಗರಗಳಿಗೆ ಬಂದ ಕನ್ನಡಿಗರೂ ಈ ಮಾತಿಗೆ ಹೊರತಲ್ಲ. ನವೆಂಬರು ತಿಂಗಳಲ್ಲಿ 1ನೆಯ ತಾರೀಖಿನ ರಾಜ್ಯೋತ್ಸವವೂ 14ನೆಯ ತಾರೀಖಿನ ಮಕ್ಕಳ ದಿನವೂ ಒಟ್ಟಿಗೆ ಬರುವುದರಿಂದ, ಮಕ್ಕಳಿಗೆಂದೇ ಒಂದು ಸಂತೋಷಕೂಟ ಏರ್ಪಡಿಸಬೇಕೆಂಬ ಅಪೇಕ್ಷೆ ಹುಟ್ಟುವುದು ಸಹಜ. ಇಂಥ ಕೂಟಗಳಲ್ಲಿ ಈಚೆಗೆ ಮಕ್ಕಳು ಹೆಚ್ಚಾಗಿ ಮುತ್ತುವುದು ತಿಂಡಿಯ ಮೇಜನ್ನಲ್ಲ, ಮುಖಕ್ಕೆ ಬಣ್ಣ ಬರೆಯುವವರ ಕುರ್ಚಿಯನ್ನು.

ಈ ಬಣ್ಣದ ವಿಷಯದಲ್ಲಿ ಹಿರಿಯರದು ಒಂದು ಅಭಿಪ್ರಾಯ, ಕಿರಿಯ ತಂದೆತಾಯಿಗಳದು ಇನ್ನೊಂದು. ಇದು ಪರದೇಶದಿಂದ ಬಂದ ಹುಚ್ಚು, ಹಣದ ಪೋಲು ಎಂದು ಕೆಲವರು ಮೂಗು ಮುರಿಯುತ್ತಾರೆ. ಬಾಡಿಗೆಗೆ ಬರುವ ತಂಡಕ್ಕೆ ಹಣ ಕೊಟ್ಟರೆ ತಮ್ಮ ಹೊಣೆ ತೀರಿತೆಂದು ಮತ್ತೆ ಕೆಲವರು ಭಾವಿಸುತ್ತಾರೆ. ವಿಚಾರ ಮಾಡಿ ನೋಡಿದರೆ ಎರಡೂ ಸರಿಯಲ್ಲ.

ಮೊದಲನೆಯ ಆಕ್ಷೇಪವನ್ನು ನೋಡೋಣ. ಕರ್ನಾಟಕದ ಕರಾವಳಿಯಲ್ಲಿ ಮುಖಕ್ಕೂ ಮೈಗೂ ಬಣ್ಣ ಹಚ್ಚುವುದು ಹೊಸತೇನೂ ಅಲ್ಲ. ನವರಾತ್ರಿಯ ದಿನಗಳಲ್ಲಿ ಮಂಗಳೂರಿನ ಬೀದಿಗಳಲ್ಲಿ, ವಿಟ್ಲಪಿಂಡಿಯ ದಿನ ಉಡುಪಿಯ ರಥಬೀದಿಯಲ್ಲಿ ತಾಸೆಯ ಪೆಟ್ಟಿಗೆ ಕುಣಿಯುವ ಹುಲಿವೇಷಗಳಲ್ಲಿ ದೊಡ್ಡ ಹುಲಿಗಳ ನಡುವೆ ಮರಿಹುಲಿಗಳೂ ಇರುತ್ತವೆ. ಯಕ್ಷಗಾನದ ಪೂರ್ವರಂಗದಲ್ಲಿ ಬಾಲಗೋಪಾಲರಾಗಿ ರಂಗಕ್ಕೆ ಬರುವವರು ಎಳೆಯ ಕಲಿಕೆಯವರು. ಚೌಕಿಯ ದೀಪದ ಮುಂದೆ ಕುಳಿತು ಮುಖವರ್ಣಿಕೆ ಬರೆದುಕೊಳ್ಳುವುದೇ ಅವರ ಮೊದಲ ಪಾಠ. ಗುಜರಾತಿನಲ್ಲಿಯೂ ಅಸಾಯಿತ ಠಾಕರನ ಹೆಸರಿನೊಡನೆ ಬೆಸೆದುಕೊಂಡಿರುವ ಭವಾಯಿ ಎಂಬ ಜನಪದ ನಾಟಕವುಂಟು. ಹೀಗಿರುವಾಗ ಮಗುವಿನ ಕೆನ್ನೆಯ ಬಣ್ಣವನ್ನು ಪರಕೀಯವೆನ್ನುವುದು ಉಚಿತವಲ್ಲ. ಪರಕೀಯವಾಗಿರುವುದು ಬಣ್ಣವಲ್ಲ, ಅದರಲ್ಲಿ ಮೂಡುವ ಚಿತ್ರ. ಜೇಡಮಾನವನೂ ಚಿಟ್ಟೆಯೂ ಇರಲಿ, ಬೇಡವೆನ್ನಬೇಕಾಗಿಲ್ಲ. ಆದರೆ ಅವುಗಳ ಪಕ್ಕದಲ್ಲಿ ಹುಲಿಯ ಪಟ್ಟೆಗೂ ಒಂದು ಸ್ಥಾನವಿರಬೇಕು.

ಎರಡನೆಯ ವಿಷಯ ಆರೋಗ್ಯಕ್ಕೆ ಸಂಬಂಧಿಸಿದ್ದು, ಆದ್ದರಿಂದ ಹೆಚ್ಚು ಗಂಭೀರವಾದದ್ದು. ಪರಂಪರೆಯಿಂದ ಬಂದದ್ದೆಲ್ಲ ನಿರಪಾಯವೆಂಬ ನಂಬಿಕೆಯನ್ನು ಇಲ್ಲಿ ಬಿಡಬೇಕಾಗುತ್ತದೆ. ಹಳೆಯ ವೇಷಧಾರಿಗಳು ಹಳದಿಗಾಗಿ ಬಳಸುತ್ತಿದ್ದ ಅರದಾಳವು ಶಂಖಪಾಷಾಣದ, ಅಂದರೆ ಆರ್ಸೆನಿಕ್ಕಿನ, ಸಂಯುಕ್ತ. ಕೆಂಪಿಗೆ ಬಳಸುತ್ತಿದ್ದ ಇಂಗಳೀಕವು ಪಾದರಸದ ಸಂಯುಕ್ತ. ರಾಕ್ಷಸ ವೇಷದ ಚುಟ್ಟಿಗೆ ಅಕ್ಕಿಹಿಟ್ಟಿನೊಡನೆ ಬೆರೆಸುವ ಸುಣ್ಣವು ಎಳೆಯ ಚರ್ಮವನ್ನು ಸುಡಬಲ್ಲದು. ಹುಲಿವೇಷಕ್ಕೆ ಎಣ್ಣೆಬಣ್ಣ ಬಳಿದು, ಮರುದಿನ ಸೀಮೆಎಣ್ಣೆಯಿಂದ ಉಜ್ಜಿ ತೆಗೆಯುತ್ತಿದ್ದ ರೂಢಿಯೂ ಇತ್ತು. ನುರಿತ ವಯಸ್ಕರು ವ್ರತದಂತೆ ಸಹಿಸಿದ್ದನ್ನು ಐದು ವರ್ಷದ ಮಗುವಿನ ಮೇಲೆ ಹೇರಲಾಗದು.

ಜಪಾನಿನ ಇತಿಹಾಸದಲ್ಲಿ ಇದಕ್ಕೆ ಕಣ್ಣು ತೆರೆಯಿಸುವ ಉದಾಹರಣೆಯಿದೆ. ಅಲ್ಲಿಯ ಕಾಬುಕಿ ನಟರು ಮುಖಕ್ಕೆ ಸೀಸದ ಬಿಳಿಯನ್ನು ಬಳಿಯುತ್ತಿದ್ದರು. 1887ರಲ್ಲಿ ಚಕ್ರವರ್ತಿಯ ಸಮ್ಮುಖದಲ್ಲಿ ಅಭಿನಯಿಸುತ್ತಿದ್ದಾಗ ನಕಮುರಾ ಫುಕುಸುಕೆ ಎಂಬ ಪ್ರಸಿದ್ಧ ನಟನ ಕಾಲು ನಡುಗತೊಡಗಿ, ಅದು ಸೀಸದ ವಿಷವೆಂದು ತಿಳಿದುಬಂತು. ಅದಕ್ಕಿಂತ ದಾರುಣವಾದ ಸಂಗತಿ ಹೊರಬಿದ್ದದ್ದು 1923ರಲ್ಲಿ. ಹಸುಗೂಸುಗಳನ್ನು ಕಾಡುತ್ತಿದ್ದ, ಮೆದುಳಿನ ಪೊರೆಯ ಉರಿಯೂತವೆಂದು ತಿಳಿಯಲಾಗಿದ್ದ ಒಂದು ಕಾಯಿಲೆಗೆ ತಾಯಂದಿರು ಹಚ್ಚಿಕೊಳ್ಳುತ್ತಿದ್ದ ಬಿಳಿಯ ಪುಡಿಯೊಳಗಿನ ಸೀಸವೇ ಕಾರಣವೆಂದು ಕ್ಯೋಟೋದ ವೈದ್ಯ ಹಿರಾಯಿ ತೋರಿಸಿಕೊಟ್ಟರು. ಇದು ಹಳೆಯ ಕತೆಯೆಂದು ತಳ್ಳಿಹಾಕುವಂತಿಲ್ಲ. 2009ರಲ್ಲಿ ಅಮೆರಿಕದ ಒಂದು ಬಳಕೆದಾರ ಸಂಘಟನೆ ಮಕ್ಕಳ ಮುಖದ ಬಣ್ಣಗಳ 10 ಮಾದರಿಗಳನ್ನು ಪರೀಕ್ಷಿಸಿದಾಗ ಹತ್ತರಲ್ಲಿಯೂ ಅಲ್ಪಪ್ರಮಾಣದ ಸೀಸವೂ, 6ರಲ್ಲಿ ಚರ್ಮಕ್ಕೆ ಅಲರ್ಜಿ ತರುವ ನಿಕ್ಕಲ್, ಕೋಬಾಲ್ಟ್ ಅಥವಾ ಕ್ರೋಮಿಯಂ ಲೋಹಗಳೂ ಕಂಡುಬಂದವು. ಸೀಸಕ್ಕೆ ಅಪಾಯವಿಲ್ಲದ ಪ್ರಮಾಣವೆಂಬುದೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನುಂಗಿದ ಸೀಸವನ್ನು ಮಕ್ಕಳ ಶರೀರವು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ. ಬಣ್ಣ ಬಳಿದ ತುಟಿಯನ್ನು ನೆಕ್ಕದ ಮಗುವಾದರೂ ಯಾವುದು?

ಗುಜರಾತಿನಲ್ಲಿರುವವರು ಇನ್ನೊಂದು ಎಚ್ಚರ ವಹಿಸಬೇಕು. ಅಹಮದಾಬಾದಿನ ವಟವಾ, ನರೋಡಾಗಳಲ್ಲಿ ರಾಸಾಯನಿಕ ವರ್ಣಗಳು ತಯಾರಾಗುತ್ತವೆ. ಸೂರತ್ತಿನ ಪಾಂಡೇಸರಾ, ಸಚಿನ್ ಪ್ರದೇಶಗಳ ಗಿರಣಿಗಳಲ್ಲಿ ಅವುಗಳಿಂದ ಬಟ್ಟೆಗೆ ಬಣ್ಣ ಹಾಕಲಾಗುತ್ತದೆ. ಬಣ್ಣ ಇಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗುವ ವಸ್ತು. ಆದರೆ ಸೀರೆಗೆ ಹಾಕುವ ಬಣ್ಣ ಕೆನ್ನೆಗೆ ಸಲ್ಲದು. ಧೂಳೇಟಿಯ ದಿನ ಮಿಕ್ಕ ಹುಡಿಯೂ, ಶಾಲೆಯ ಚಿತ್ರಕಲೆಯ ಪೋಸ್ಟರ್ ಬಣ್ಣವೂ ಅಷ್ಟೇ. ಡಬ್ಬಿಯ ಮೇಲೆ ‘ವಿಷರಹಿತ’ ಎಂದು ಅಚ್ಚಾಗಿದ್ದರೆ ಅದು ಕಾಗದದ ಮೇಲಿನ ಬಳಕೆಗೆ ಹೇಳಿದ ಮಾತು, ಚರ್ಮಕ್ಕೆ ಕೊಟ್ಟ ಭರವಸೆಯಲ್ಲ. ಮನೆಯ ಅರಿಶಿನವೇ ಒಳ್ಳೆಯದೆನ್ನುವವರೂ ಸ್ವಲ್ಪ ಯೋಚಿಸಬೇಕು. ಬಾಂಗ್ಲಾದೇಶದ ಅರಿಶಿನಕ್ಕೆ ಹಳದಿ ಹೆಚ್ಚಲೆಂದು ಸೀಸದ ಕ್ರೋಮೇಟ್ ಬೆರೆಸುತ್ತಿದ್ದುದನ್ನು 2019ರಲ್ಲಿ ಸಂಶೋಧಕರು ಬಯಲಿಗೆಳೆದರು. ಕೊಂಬು ತಂದು ಮನೆಯಲ್ಲಿ ಕುಟ್ಟಿದ ಅರಿಶಿನ ಬೇರೆ, ಬೀದಿಯ ಪೊಟ್ಟಣದ ಪುಡಿ ಬೇರೆ.

ಹಾಗಾದರೆ ಯಾವುದನ್ನು ಬಳಸಬೇಕು? ಭಾರತದಲ್ಲಿ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯೂ 2020ರ ಕಾಂತಿವರ್ಧಕಗಳ ನಿಯಮಗಳೂ ಜಾರಿಯಲ್ಲಿವೆ. ಅವುಗಳ ಪ್ರಕಾರ ಬಣ್ಣಕ್ಕಾಗಿ ಸೀಸದ ಅಥವಾ ಆರ್ಸೆನಿಕ್ಕಿನ ಸಂಯುಕ್ತಗಳನ್ನು ಸೇರಿಸುವಂತಿಲ್ಲ. ವರ್ಣದ್ರವ್ಯದಲ್ಲಿ ಕಲ್ಮಷವಾಗಿ ಉಳಿಯುವ ಸೀಸವು ದಶಲಕ್ಷಕ್ಕೆ 20 ಭಾಗವನ್ನು, ಆರ್ಸೆನಿಕ್ 2 ಭಾಗವನ್ನು ಮೀರಕೂಡದು. ಆದ್ದರಿಂದ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ ಇಷ್ಟೂ ನಮೂದಾಗಿರುವ, ಚರ್ಮಕ್ಕೆಂದೇ ತಯಾರಾದ, ನೀರಿನಲ್ಲಿ ಕರಗುವ ಬಣ್ಣವನ್ನೇ ಕೊಳ್ಳತಕ್ಕದ್ದು. ಬಾಡಿಗೆಯ ತಂಡವಾದರೆ ಡಬ್ಬಿಗಳನ್ನು ಮುಂಚಿತವಾಗಿ ತರಿಸಿ ಓದಿ ನೋಡತಕ್ಕದ್ದು. ಅದಕ್ಕೆ ಒಪ್ಪದ ತಂಡವನ್ನು ಕರೆಯದಿರುವುದೇ ಲೇಸು.

ಮಿಕ್ಕದ್ದೆಲ್ಲ ಸಾಮಾನ್ಯ ವಿವೇಕ. ಹಿಂದಿನ ದಿನ ಮಗುವಿನ ಮೊಳಕೈಯ ಒಳಮಡಿಕೆಗೆ ಒಂದು ಚುಕ್ಕೆ ಬಣ್ಣ ಹಚ್ಚಿ, ಕೆಂಪು, ತುರಿಕೆ ಕಾಣದಿದ್ದರೆ ಮಾತ್ರ ಮುಖಕ್ಕೆ ಮುಟ್ಟಿಸಬೇಕು. ಮೂರು ವರ್ಷದೊಳಗಿನ ಕೂಸುಗಳಿಗೆ ಮುಖ ಬೇಡ, ಮುಂಗೈಯ ಮೇಲೊಂದು ಹೂವು ಸಾಕು. ಗಾಯ, ಇಸುಬು, ಹುಣ್ಣು, ಕಣ್ಣುಬೇನೆ ಇರುವ ಮಕ್ಕಳಿಗೆ ಬೇರೆ ಆಟ ಹುಡುಕಬೇಕು. ಒಂದು ಮಗುವಿಗೆ ಬಳಸಿದ ಸ್ಪಂಜನ್ನು ಇನ್ನೊಂದು ಮಗುವಿಗೆ ಒತ್ತಬಾರದು. ಕುಂಚ ತೊಳೆಯುವ ನೀರನ್ನು ಆಗಾಗ ಚೆಲ್ಲಿ ಹೊಸದು ತುಂಬಬೇಕು. ರೆಪ್ಪೆಯ ಹತ್ತಿರ ಬಣ್ಣವೂ, ಕಣ್ಣಿನ ಪಾಪೆಯನ್ನು ಗೀರಬಲ್ಲ ಮಿಂಚಿನ ಚೂರುಗಳೂ ಕೂಡದು. ಮನೆಗೆ ಹೋದೊಡನೆ ಕೊಬ್ಬರಿ ಎಣ್ಣೆ ಸವರಿ, ಮೆತ್ತಗಿನ ಬಟ್ಟೆಯಿಂದ ಒರೆಸಿ, ಉಗುರುಬೆಚ್ಚನೆಯ ನೀರಿನಿಂದ ತೊಳೆಯಬೇಕು, ಬಣ್ಣದೊಡನೆ ಮಲಗಿಸಬಾರದು. ಮುಖ ಊದಿಕೊಂಡರೆ ಅಥವಾ ಉಸಿರು ಕಷ್ಟವಾದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ಕಾಲವನ್ನೂ ನೋಡಿಕೊಳ್ಳಬೇಕು. 2016ರ ಮೇ ತಿಂಗಳಲ್ಲಿ ಅಹಮದಾಬಾದಿನ ತಾಪಮಾನ 48 ಡಿಗ್ರಿ ಮುಟ್ಟಿತ್ತು. ಬೇಸಿಗೆಯ ಮಧ್ಯಾಹ್ನದಲ್ಲಿ ಬೆವರಿನ ಮುಖಕ್ಕೆ ಲೇಪ ಹಾಕಿಸುವುದು ಸಂಭ್ರಮವಲ್ಲ, ಶಿಕ್ಷೆ. ನವೆಂಬರಿನ ಸಂಜೆಯೇ ಇದಕ್ಕೆ ತಕ್ಕ ವೇಳೆ.

ಲೆಕ್ಕವೂ ಬೇಕು. ಒಂದು ಮುಖಕ್ಕೆ 6 ನಿಮಿಷವೆಂದರೂ 60 ಮಕ್ಕಳಿಗೆ 360 ನಿಮಿಷ, ಅಂದರೆ 6 ಗಂಟೆ. ಒಬ್ಬರೇ ಕಲಾವಿದರನ್ನು ಕೂರಿಸಿದರೆ ಕೊನೆಯ ಮಗು ಅಳುತ್ತ ಮನೆಗೆ ಹೋಗುತ್ತದೆ. ನಾಲ್ವರಿದ್ದರೆ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಆ ನಾಲ್ವರು ಹೊರಗಿನವರೇ ಏಕಾಗಬೇಕು? ರಂಗೋಲಿಯಲ್ಲಿ ಕೈ ಪಳಗಿದ ಗೃಹಿಣಿಯರು, ಒಂದು ಕಾಲದಲ್ಲಿ ಊರಿನಲ್ಲಿ ವೇಷ ಕಟ್ಟಿದ ಹಿರಿಯರು, ಚಿತ್ರ ಬರೆಯುವ ಕಾಲೇಜು ವಿದ್ಯಾರ್ಥಿಗಳು ಸಂಘದಲ್ಲಿಯೇ ಇರುತ್ತಾರೆ. ವಡೋದರಾದಲ್ಲಂತೂ 1950ರಲ್ಲಿ ಆರಂಭವಾದ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದ ಪರಂಪರೆಯೇ ಇದೆ, ಕೆ. ಜಿ. ಸುಬ್ರಹ್ಮಣ್ಯನ್ ಅವರಂಥ ಹಿರಿಯ ಕಲಾವಿದರು ಅಲ್ಲಿಯ ಕಲಾಮೇಳಗಳಿಗೆ ಆಟಿಕೆ ಮಾಡಿಕೊಟ್ಟವರು. ಮಕ್ಕಳ ಕೆಲಸವನ್ನು ದೊಡ್ಡ ಕಲಾವಿದರೇ ಹಗುರವೆಂದು ಬಗೆಯಲಿಲ್ಲ.

ಈ ಸಲಹೆಯ ಹಿಂದೆ ಹಣದ ಉಳಿತಾಯಕ್ಕಿಂತ ದೊಡ್ಡ ಕಾರಣವಿದೆ. ಇಲ್ಲಿ ಹುಟ್ಟಿದ ಮಗು ಗೆಳೆಯರೊಡನೆ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ ಆಡುತ್ತದೆ. ಕನ್ನಡ ಅದರ ಕಿವಿಗೆ ಬೀಳುವುದು ಅಡುಗೆಮನೆಯಲ್ಲಿ, ದೂರವಾಣಿಯಲ್ಲಿ ಮಾತನಾಡುವ ಅಜ್ಜಿಯ ದನಿಯಲ್ಲಿ. ವೇದಿಕೆಯ ಮೇಲೆ ಒಂದು ಗಂಟೆ ಭಾಷಾಭಿಮಾನದ ಉಪನ್ಯಾಸ ನಡೆದರೆ ಅದು ಹಿಂದಿನ ಸಾಲಿನಲ್ಲಿ ಆಡಿಕೊಂಡಿರುತ್ತದೆ. ಬಣ್ಣದ ಕುರ್ಚಿಯಲ್ಲಾದರೋ ಆರು ನಿಮಿಷ ಅಲುಗಾಡದೆ, ಒಬ್ಬ ಹಿರಿಯರ ಮುಖವನ್ನೇ ನೋಡುತ್ತ ಕುಳಿತಿರುತ್ತದೆ. “ಕಣ್ಣು ಮುಚ್ಚು ಮಗೂ, ಹುಬ್ಬು ಎತ್ತು, ಕೆನ್ನೆ ಉಬ್ಬಿಸು, ಈಗ ಹುಲಿಯ ಹಾಗೆ ಗುರ್ ಅನ್ನು” ಎಂದರೆ ಪ್ರತಿಯೊಂದು ಮಾತೂ ಅದರ ಮೈಗೆ ಅಂಟುತ್ತದೆ. ಬಾಡಿಗೆಯ ತಂಡದವರು ಎಷ್ಟೇ ನಿಪುಣರಾಗಿದ್ದರೂ ಈ ಆರು ನಿಮಿಷಗಳನ್ನು ಕೊಡಲಾರರು.

ಎರಡು ಮಾತುಗಳನ್ನು ಕಾರ್ಯಕರ್ತರು ಮರೆಯಬಾರದು. ಬಣ್ಣದ ಕೂಟದಲ್ಲಿ ಬಹುಮಾನ ಬೇಡ. ಬಹುಮಾನವಿಟ್ಟೊಡನೆ ಅದು ಮಕ್ಕಳ ಆಟವಾಗಿ ಉಳಿಯದೆ ತಾಯಂದಿರ ಪೈಪೋಟಿಯಾಗುತ್ತದೆ, ಬಣ್ಣದ ಪದರವೂ ದಪ್ಪವಾಗುತ್ತದೆ. ಬೇಡವೆಂದು ಹಿಂಜರಿದ ಮಗುವನ್ನು ಒತ್ತಾಯಿಸಲೂಬಾರದು. ಎರಡನೆಯದಾಗಿ, ಕಪ್ಪು ಮೈಯ ಮಗುವಿಗೆ ರಾಕ್ಷಸನ ಮುಖ, ಬಿಳಿ ಮೈಯದಕ್ಕೆ ಕೃಷ್ಣನ ಮುಖ ಎಂಬ ಹಂಚಿಕೆ ಸಲ್ಲದು. ಕೃಷ್ಣನೆಂಬ ಹೆಸರಿನ ಅರ್ಥವೇ ಕಪ್ಪೆಂಬುದನ್ನು ಹಿರಿಯರು ನೆನಪಿಡಲಿ. ಯಾವ ಮುಖ ಬೇಕೆಂಬುದನ್ನು ಆರಿಸುವ ಹಕ್ಕು ಮಗುವಿನದು.

ನೆರೆಯ ಗುಜರಾತಿ ಮಕ್ಕಳನ್ನೂ ಈ ಕೂಟಕ್ಕೆ ಕರೆಯುವುದು ಉಚಿತ. ಹೋಳಿಗೆ ಅವರು ಕೇಸೂಡೋ ಹೂವನ್ನು ನೆನೆಯಿಟ್ಟು ಕೇಸರಿ ನೀರು ಮಾಡುತ್ತಾರೆ. ಅದು ಕನ್ನಡಿಗರ ಮುತ್ತುಗವೇ. ಒಂದೇ ಹೂವಿಗೆ ಎರಡು ಹೆಸರುಂಟೆಂದು ತಿಳಿದ ಮಗುವಿಗೆ ಎರಡು ನಾಡುಗಳೂ ತನ್ನವಾಗುತ್ತವೆ. ಬರುವ ನವೆಂಬರಿನಲ್ಲಿ ಪ್ರತಿಯೊಂದು ಸಂಘವೂ ನಾಲ್ಕು ಕುರ್ಚಿ, ಓದಿ ನೋಡಿ ಕೊಂಡ ನಾಲ್ಕು ಡಬ್ಬಿ ಬಣ್ಣ, ಕನ್ನಡ ಮಾತನಾಡುವ ನಾಲ್ವರು ಹಿರಿಯರು, ಇಷ್ಟನ್ನು ಒದಗಿಸಿದರೆ ಸಾಕು. ರಾತ್ರಿ ಬಣ್ಣ ತೊಳೆದುಹೋಗುತ್ತದೆ. ಆಡಿದ ಮಾತು ಮಗುವಿನಲ್ಲಿ ಉಳಿಯುತ್ತದೆ.