ಹತ್ತನೆಯ ಹೆಸರು

“ಸರ್ಕಾರ ತನ್ನ ಕೆಲಸ ನೋಡಿಕೊಳ್ಳಲಿ, ನಮ್ಮನ್ನು ನಮ್ಮ ಪಾಡಿಗೆ ಬಿಡಲಿ” ಎಂಬ ಮಾತು ನಮ್ಮ ಸಭೆಗಳಲ್ಲಿ ಹೊಸದಲ್ಲ. ಮುಂಗಡಪತ್ರದ ಮೇಲಿನ ಚರ್ಚೆಯಿರಲಿ, ವಾರ್ಷಿಕ ಮಹಾಸಭೆಯ ನಂತರದ ಊಟವಿರಲಿ, ಯಾರಾದರೊಬ್ಬರು ಇದನ್ನು ಹೇಳುತ್ತಾರೆ, ಉಳಿದವರು ತಲೆದೂಗುತ್ತಾರೆ. 2023ರಲ್ಲಿ ರಾಜ್ಯದ ಗ್ಯಾರಂಟಿ ಯೋಜನೆಗಳು ಜಾರಿಗೆ ಬಂದ ಮೇಲೆ ಇದಕ್ಕೆ ಇನ್ನೊಂದು ಮಾತು ಸೇರಿಕೊಂಡಿದೆ: “ತೆರಿಗೆ ಕಟ್ಟುವವರು ನಾವು, ಹಂಚುವವರು ಅವರು.” ಸುಮಾರು ಮೂವತ್ತು ವರ್ಷಗಳಿಂದ ವ್ಯಾಪಾರಿಗಳ ಮತ್ತು ಸಣ್ಣ ಉದ್ದಿಮೆದಾರರ ಲೆಕ್ಕಪುಸ್ತಕಗಳನ್ನು ನೋಡುತ್ತಾ ಬಂದಿರುವ ನಾನು ಈ ಮಾತುಗಳನ್ನು ಪೂರ್ತಿಯಾಗಿ ತಳ್ಳಿಹಾಕಲಾರೆ. ಆದರೆ ಪೂರ್ತಿಯಾಗಿ ಒಪ್ಪಲೂ ಆರೆ. ಏಕೆಂದು ಒಬ್ಬ ಸಾಮಾನ್ಯ ನಾಗರಿಕನಾಗಿ ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಮೊದಲನೆಯದಾಗಿ, ಸರ್ಕಾರ ದೂರವಿರಲಿ ಎಂದು ನಾವು ನಿಜವಾಗಿಯೂ ಬಯಸುತ್ತೇವೆಯೇ? ದೊಡ್ಡ ಕಂಪನಿಗಳು ಸಣ್ಣ ಉತ್ಪಾದಕರ ಬಿಲ್ಲುಗಳನ್ನು ಆರಾರು ತಿಂಗಳು ತಡೆಹಿಡಿದಾಗ ನಾವು ಸರ್ಕಾರದ ಬಾಗಿಲಿಗೇ ಹೋದೆವು. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯಲ್ಲಿ 45 ದಿನಗಳ ಗರಿಷ್ಠ ಗಡುವು ಬಂದಿತು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದಾಯಿತು. ಅದೂ ಸಾಲದೆಂದು 2023ರ ಹಣಕಾಸು ಕಾಯ್ದೆಯ ಮೂಲಕ ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ ‘ಎಚ್’ ಉಪವಿಧಿ ಸೇರಿತು. 2020ರ ಲಾಕ್‌ಡೌನ್ ಕಾಲದಲ್ಲಿ 3 ಲಕ್ಷ ಕೋಟಿ ರೂಪಾಯಿಗಳ ತುರ್ತು ಸಾಲ ಖಾತರಿ ಯೋಜನೆ ಪ್ರಕಟವಾದಾಗ ಅರ್ಜಿ ನಮೂನೆಗಾಗಿ ನನ್ನ ಕಚೇರಿಗೆ ಬಂದವರಲ್ಲಿ, ಸರ್ಕಾರ ದೂರವಿರಬೇಕೆಂದು ವಾದಿಸುತ್ತಿದ್ದವರೂ ಇದ್ದರು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಒಬ್ಬನೇ ಹೊರಲಾರದ ನಷ್ಟವನ್ನು ಹಲವರ ಮೇಲೆ ಹಂಚುವುದು ಸರ್ಕಾರದ ಕರ್ತವ್ಯಗಳಲ್ಲಿ ಮುಖ್ಯವಾದುದು. ನಮ್ಮ ವಿಷಯದಲ್ಲಿ ನಾವು ಒಪ್ಪಿಕೊಂಡ ಈ ನ್ಯಾಯವನ್ನು ನಮ್ಮಲ್ಲಿ ದುಡಿಯುವವರ ವಿಷಯದಲ್ಲಿಯೂ ಒಪ್ಪುತ್ತೇವೆಯೇ ಎಂಬುದೇ ನನ್ನ ಪ್ರಶ್ನೆ.

ಕಾರ್ಮಿಕರಿಗೆ ಸಂಬಂಧಿಸಿದಂತೆ ಈ ನ್ಯಾಯದ ಹೆಸರು ನಮಗೆಲ್ಲ ಗೊತ್ತಿರುವ ಇ.ಎಸ್.ಐ. ಪ್ರೊಫೆಸರ್ ಬಿ.ಪಿ. ಅದಾರ್ಕರ್ ಅವರು 1944ರಲ್ಲಿ ನೀಡಿದ ವರದಿಯ ಆಧಾರದ ಮೇಲೆ 1948ರಲ್ಲಿ ಕಾಯ್ದೆಯಾಯಿತು. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಪಂಡಿತ್ ನೆಹರೂ ಯೋಜನೆಯನ್ನು ಉದ್ಘಾಟಿಸಿದರು. ಇದು ದಾನವಲ್ಲ. ಮಾಲೀಕನೂ ಕಾರ್ಮಿಕನೂ ವಂತಿಗೆ ಕಟ್ಟುತ್ತಾರೆ, ಕಾಯಿಲೆ, ಹೆರಿಗೆ, ಅಪಘಾತಗಳ ಕಾಲದಲ್ಲಿ ಆ ನಿಧಿ ಕಾರ್ಮಿಕನ ಮನೆಯನ್ನು ನಡೆಸುತ್ತದೆ. ಈ ಯೋಜನೆಯ ಹೊಸ್ತಿಲು ಹತ್ತು ಜನ. ಆ ಹೊಸ್ತಿಲಿನ ಬಗ್ಗೆ ಹೇಳುವಾಗ ನನ್ನದೇ ಒಂದು ತಪ್ಪನ್ನು ಹೇಳದೆ ಮುಂದೆ ಹೋಗಲಾರೆ.

2008ರ ಮಾತು. ನಮ್ಮೂರಿನ ಕೈಗಾರಿಕಾ ವಸಾಹತಿನಲ್ಲಿ ತಗಡಿನ ಬಿಡಿಭಾಗ ತಯಾರಿಸುವ ಒಂದು ಚಿಕ್ಕ ಘಟಕ. ಮಾಲೀಕರು ಸಜ್ಜನರು, ನನ್ನ ಹಳೆಯ ಕಕ್ಷಿದಾರರು. ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರು. ಕೆಲಸ ಹೆಚ್ಚಾಗಿ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗನನ್ನು ತೆಗೆದುಕೊಂಡರು. “ಆಡಿಟರ್ ಸಾಹೇಬರೇ, ಇವನ ಹೆಸರು ಬರೆದರೆ ಹತ್ತಾಗುತ್ತದೆಯಲ್ಲ, ಏನು ಮಾಡೋಣ?” ಎಂದು ಕೇಳಿದರು. “ಸದ್ಯ ಒಂಬತ್ತರಲ್ಲೇ ಇರಲಿ, ನೋಡೋಣ” ಎಂದೆ. ಆ ಹುಡುಗನ ಕೂಲಿ ಪ್ರತಿ ಶನಿವಾರ ವೋಚರಿನ ಮೇಲೆ, ‘ಇತರೆ ವೆಚ್ಚ’ದ ಖಾತೆಯಲ್ಲಿ ಹೋಗತೊಡಗಿತು. ಎಂಟು ತಿಂಗಳ ನಂತರ ಪವರ್ ಪ್ರೆಸ್ಸಿಗೆ ಅವನ ಬಲಗೈಯ ಎರಡು ಬೆರಳು ಹೋದವು.

ಮಾಲೀಕರು ಖಾಸಗಿ ಆಸ್ಪತ್ರೆಯ ಬಿಲ್ಲನ್ನು ತಾವೇ ಕಟ್ಟಿದರು, ಒಂದು ತಿಂಗಳ ಸಂಬಳವನ್ನೂ ಕೊಟ್ಟರು. ಅದಕ್ಕಿಂತ ಹೆಚ್ಚು ಅವರಿಂದ ಆಗಲಿಲ್ಲ. ಇ.ಎಸ್.ಐ. ಇದ್ದಿದ್ದರೆ ಗಾಯ ಮಾಯುವವರೆಗೆ ಕೂಲಿಯ ಬಹುಪಾಲು, ಆಮೇಲೆ ಕಳೆದುಹೋದ ಬೆರಳುಗಳ ಸಲುವಾಗಿ ಜೀವನಪರ್ಯಂತ ಅಂಗವಿಕಲತೆಯ ಸೌಲಭ್ಯ ಅವನಿಗೆ ದೊರೆಯುತ್ತಿತ್ತು. ಅದು ಇಲ್ಲದಿದ್ದರೂ 1923ರ ಪರಿಹಾರ ಕಾಯ್ದೆಯಡಿ ಅವನಿಗೆ ಹಕ್ಕಿತ್ತು. ಆದರೆ ಅವನು ಅಲ್ಲಿ ಕೆಲಸ ಮಾಡಿದ್ದನೆಂಬುದಕ್ಕೆ ಕಾಗದವೇ ಇರಲಿಲ್ಲ. ಹಕ್ಕಿದೆಯೆಂದು ಅವನಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವನು ಊರಿಗೆ ಹೊರಟುಹೋದ. ಆ ವರ್ಷದ ಲೆಕ್ಕಪತ್ರಕ್ಕೆ ನಾನು ಸಹಿ ಮಾಡಿದೆ. ಅಂದು ಮಾಲೀಕರ ವಂತಿಗೆ ಶೇಕಡಾ 4.75 ಇತ್ತು. ತಲಾ 3,500 ರೂಪಾಯಿ ಸಂಬಳದ ಹತ್ತು ಜನರಿಗೆ ತಿಂಗಳಿಗೆ ಸುಮಾರು 1,662 ರೂಪಾಯಿ. ಅದೇ ಘಟಕದ ಚಹಾ ಮತ್ತು ಪ್ರಯಾಣ ವೆಚ್ಚದ ಖಾತೆ ಅದಕ್ಕಿಂತ ದೊಡ್ಡದಾಗಿತ್ತು.

ಭಾವನೆಯನ್ನು ಬದಿಗಿಟ್ಟು ಬರೀ ವ್ಯಾಪಾರದ ಲೆಕ್ಕವನ್ನೇ ನೋಡೋಣ. 2019ರ ಜುಲೈನಿಂದ ವಂತಿಗೆ ಇಳಿದು ಮಾಲೀಕರ ಪಾಲು ಶೇಕಡಾ 3.25, ಕಾರ್ಮಿಕರ ಪಾಲು ಶೇಕಡಾ 0.75 ಆಯಿತು. ತಲಾ 15,000 ರೂಪಾಯಿ ಸಂಬಳದ ಹತ್ತು ಜನರಿದ್ದರೆ ಮಾಲೀಕರ ಪಾಲು ತಿಂಗಳಿಗೆ 4,875, ವರ್ಷಕ್ಕೆ 58,500 ರೂಪಾಯಿ. ಇ.ಎಸ್.ಐ. ರಕ್ಷಣೆಯಿಲ್ಲದ ಘಟಕದಲ್ಲಿ ಮೂವತ್ತು ವರ್ಷದ ಕಾರ್ಮಿಕನೊಬ್ಬ ಕೆಲಸದ ವೇಳೆ ಅಪಘಾತದಿಂದ ಮೃತಪಟ್ಟನೆಂದು ಭಾವಿಸಿ. ಪರಿಹಾರದ ಲೆಕ್ಕ ಹೀಗಿದೆ: ಮಾಸಿಕ ವೇತನದ ಅರ್ಧ, ಎಂದರೆ 7,500, ಅದನ್ನು ಆ ವಯಸ್ಸಿಗೆ ನಿಗದಿಯಾದ 207.98ರಿಂದ ಗುಣಿಸಬೇಕು. ಮೊತ್ತ 15,59,850 ರೂಪಾಯಿ. ಇಪ್ಪತ್ತಾರು ವರ್ಷಗಳ ವಂತಿಗೆಯನ್ನು ಮೀರಿದ ಈ ಹೊಣೆ ಒಂದೇ ದಿನದಲ್ಲಿ ಮಾಲೀಕನ ತಲೆಯ ಮೇಲೆ ಬೀಳುತ್ತದೆ. ಇ.ಎಸ್.ಐ. ವ್ಯಾಪ್ತಿಯಲ್ಲಿದ್ದರೆ ಈ ಹೊಣೆ ನಿಗಮದ್ದು. ಒಂಬತ್ತು ಹೆಸರಿನಲ್ಲಿ ನಿಂತವರು ಉಳಿಸುತ್ತಿರುವುದು ವಂತಿಗೆಯನ್ನಷ್ಟೇ, ಅಪಾಯವನ್ನು ಪೂರ್ತಿಯಾಗಿ ತಮ್ಮಲ್ಲೇ ಇಟ್ಟುಕೊಂಡಿದ್ದಾರೆ.

ಹಾಗೆಂದು ತಪ್ಪೆಲ್ಲ ನಮ್ಮದೇ ಎಂದು ಹೇಳಿದರೆ ಅದು ಏಕಪಕ್ಷೀಯವಾದೀತು. ಉದ್ದಿಮೆದಾರರ ದೂರುಗಳಲ್ಲಿ ತಥ್ಯವಿದೆ. ಚಿಕಿತ್ಸಾಲಯ ದೂರ, ಔಷಧಿಗಾಗಿ ಅರ್ಧ ದಿನದ ಕೂಲಿ ಹೋಗುತ್ತದೆ ಎಂದು ವಂತಿಗೆ ಕಟ್ಟಿದ ಕಾರ್ಮಿಕರೇ ನನ್ನ ಮುಂದೆ ಹೇಳಿದ್ದಾರೆ. ಹಣ ಪಡೆದು ಸೇವೆ ಕೊಡದಿದ್ದರೆ ವಂತಿಗೆಯೂ ಜನರ ಕಣ್ಣಿಗೆ ತೆರಿಗೆಯಾಗಿಯೇ ಕಾಣುತ್ತದೆ. ಎರಡನೆಯದು ಸಂಖ್ಯೆಯ ಗೋಡೆ. ಒಂಬತ್ತು ಜನರಿಗೆ ಏನೂ ಇಲ್ಲ, ಹತ್ತನೆಯವನು ಬಂದ ಕೂಡಲೆ ಹತ್ತೂ ಜನರಿಗೆ ವಂತಿಗೆ, ನೋಂದಣಿ, ದಾಖಲೆ, ತಪಾಸಣೆ. ಭವಿಷ್ಯ ನಿಧಿಯಲ್ಲಿ ಇದೇ ಗೋಡೆ ಇಪ್ಪತ್ತರಲ್ಲಿದೆ. ಬೆಳೆಯಬೇಕಾದ ಘಟಕ ಬೆಳೆಯದೆ ನಿಲ್ಲುವುದಕ್ಕೆ, ಒಂದೇ ಛಾವಣಿಯ ಕೆಳಗೆ ಅಣ್ಣನ ಹೆಸರಿನಲ್ಲೊಂದು, ತಮ್ಮನ ಹೆಸರಿನಲ್ಲೊಂದು ಸಂಸ್ಥೆ ಹುಟ್ಟುವುದಕ್ಕೆ ಇಂತಹ ಗೋಡೆಗಳೂ ಕಾರಣ. ಮೂರನೆಯದು ವೇತನ ಮಿತಿ. 2017ರ ಜನವರಿಯಲ್ಲಿ ಅದನ್ನು 21,000 ರೂಪಾಯಿಗೆ ಏರಿಸಿದ ಮೇಲೆ ಬೆಲೆಗಳೂ ಸಂಬಳಗಳೂ ಬಹಳ ಏರಿವೆ. ಮಿತಿ ದಾಟಿದರೆ ಆ ವಂತಿಗೆ ಅವಧಿಯ ಕೊನೆಗೆ ರಕ್ಷಣೆ ತಪ್ಪುತ್ತದೆ. ತಾಯಿಗೆ ಡಯಾಲಿಸಿಸ್ ನಡೆಯುತ್ತಿದ್ದ ಕಾರ್ಮಿಕನೊಬ್ಬ ಸಂಬಳ ಹೆಚ್ಚಿಸಬೇಡಿರೆಂದು ಮಾಲೀಕರಲ್ಲಿ ಕೈಮುಗಿದದ್ದನ್ನು ನಾನು ಕಂಡಿದ್ದೇನೆ. ದುಡಿದು ಮೇಲೆ ಬರುವವನನ್ನು ಹೆದರಿಸುವ ನಿಯಮವನ್ನು ಒಳ್ಳೆಯ ಸಾಮಾಜಿಕ ನೀತಿ ಎನ್ನಲಾಗದು.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಹತ್ತರ ಹೊಸ್ತಿಲು ಅದರಲ್ಲಿಯೂ ಉಳಿದಿದೆ. ಆದರೆ ಮಾಲೀಕರೂ ಬಹುಸಂಖ್ಯಾತ ನೌಕರರೂ ಒಪ್ಪಿದರೆ ಅದಕ್ಕಿಂತ ಚಿಕ್ಕ ಘಟಕವೂ ಸ್ವಯಂಪ್ರೇರಣೆಯಿಂದ ಸೇರಲು ಅವಕಾಶವಿದೆ. ಸೇರಬೇಕೆಂದಿರುವ ಅನೇಕರನ್ನು ತಡೆಯುವುದು ಹಿಂದಿನ ವರ್ಷಗಳ ಬಾಕಿಯ ಭಯ. 2025ರ ಜುಲೈನಲ್ಲಿ ನಿಗಮ ಆರಂಭಿಸಿದ ‘ಸ್ಪ್ರೀ’ ಎಂಬ ಸೀಮಿತ ಅವಧಿಯ ಯೋಜನೆ ಹಳೆಯ ದಾಖಲೆಗಳನ್ನು ಕೆದಕದೆ ನೋಂದಾಯಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. ಇಂತಹ ದಾರಿ ಸದಾ ತೆರೆದಿರಬೇಕು. ಗೋಡೆಯ ಬದಲು ಮೆಟ್ಟಿಲು ಬೇಕು: ಮೊದಲ ಕಾರ್ಮಿಕನಿಂದಲೇ ರಕ್ಷಣೆ ಇರಲಿ, ಚಿಕ್ಕ ಘಟಕಗಳ ವಂತಿಗೆಯ ಒಂದು ಪಾಲನ್ನು ಮೊದಲ ಕೆಲವು ವರ್ಷ ಸರ್ಕಾರ ಹೊರಲಿ, ವೇತನ ಮಿತಿ ಬೆಲೆ ಸೂಚ್ಯಂಕದೊಡನೆ ತಾನಾಗಿ ಏರಲಿ. ನಮ್ಮ ಮಂಡಳಿ ಸರ್ಕಾರಕ್ಕೆ ಸಲ್ಲಿಸುವ ಮುಂದಿನ ಮನವಿಯಲ್ಲಿ ತೆರಿಗೆ ರಿಯಾಯಿತಿಯ ಕೋರಿಕೆಗಳ ಜೊತೆಗೆ ಇವೂ ಇರಲೆಂಬುದು ನನ್ನ ಸಲಹೆ.

ಇನ್ನು ಗ್ಯಾರಂಟಿಗಳ ಮಾತು. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯಲ್ಲಿ ಒಂದು ಭಾಗ ನಮ್ಮ ಅಂಗಡಿಗಳ ಗಲ್ಲಾಪೆಟ್ಟಿಗೆಗೇ ಮರಳುತ್ತದೆಂಬುದನ್ನು ಕಿರಾಣಿ ವ್ಯಾಪಾರಿಗಳು ಬಲ್ಲರು. ಖಜಾನೆಗೆ ಅದು ಭಾರವೆಂಬುದೂ ನಿಜ. ಆದರೆ ದುಡಿಯುವ ಕೈ ಮುರಿದ ಮನೆಗಳು ಕೊನೆಗೆ ಯಾರ ಆಸರೆಗೆ ಬರುತ್ತವೆ? ನಾವು ಬರೆಯದೆ ಬಿಟ್ಟ ಹತ್ತನೆಯ ಹೆಸರು ಇನ್ನೊಂದು ಕಚೇರಿಯ ಫಲಾನುಭವಿಗಳ ಪಟ್ಟಿಯಲ್ಲಿ ಸೇರುತ್ತದೆ. ಆ ಖಜಾನೆಗೆ ತೆರಿಗೆ ಕಟ್ಟುವವರು ನಾವೇ, ಕಟ್ಟಿ ಗೊಣಗುವವರೂ ನಾವೇ. ಮಾಲೀಕ, ಕಾರ್ಮಿಕ, ಸರ್ಕಾರ ಮೂವರೂ ತಮ್ಮ ತಮ್ಮ ಪಾಲು ಹೊತ್ತರೆ ಹಂಚಿಕೆಯ ಭಾರ ತಾನಾಗಿ ಕಡಿಮೆಯಾಗುತ್ತದೆ. ಆಗ ಸರ್ಕಾರದ ಖರ್ಚನ್ನು ಪ್ರಶ್ನಿಸುವ ನಮ್ಮ ಮಾತಿಗೂ ತೂಕ ಬರುತ್ತದೆ.

ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೆ. ಈ ತಿಂಗಳು ನಿಮ್ಮ ಹಾಜರಿ ಪುಸ್ತಕವನ್ನೂ ವೋಚರ್ ಫೈಲನ್ನೂ ಅಕ್ಕಪಕ್ಕ ಇಟ್ಟು ನೋಡಿ. ವೋಚರಿನಲ್ಲಿದ್ದು ಪುಸ್ತಕದಲ್ಲಿಲ್ಲದ ಹೆಸರಿದ್ದರೆ ಬರೆಯಿರಿ. ನಿಜವಾಗಿಯೂ ಒಂಬತ್ತೇ ಜನರಿದ್ದರೆ ಸ್ವಯಂಪ್ರೇರಣೆಯಿಂದ ಸೇರಿಕೊಳ್ಳಿ, ಅದಾಗದಿದ್ದರೆ ಅಪಘಾತ ಪರಿಹಾರದ ವಿಮೆಯನ್ನಾದರೂ ಮಾಡಿಸಿ. ನಿಮ್ಮ ಆಡಿಟರು “ಒಂಬತ್ತರಲ್ಲೇ ಇರಲಿ” ಎಂದರೆ ಅವರ ಮಾತನ್ನು ಕೇಳಬೇಡಿ. ಆ ಸಲಹೆ ಕೊಟ್ಟವನೇ ಇದನ್ನು ಹೇಳುತ್ತಿದ್ದೇನೆ.