ಕಣ್ಣು ಕುಕ್ಕಲಿ, ಕೀಳದಿರಲಿ

ಗುಂಡು ಹಾರಿಸದೆ ಶಂಕಿತರನ್ನು ತಡೆಯುವ ಲೇಸರ್ ಡ್ಯಾಜ್ಲರ್ ಬಗ್ಗೆ ನಮ್ಮಲ್ಲಿ ಚರ್ಚೆ ಕಡಿಮೆ. ಡಿಆರ್‌ಡಿಒ ಅಭಿವೃದ್ಧಿಪಡಿಸಿದ ಈ ಉಪಕರಣ 20ರ ಸಂಖ್ಯೆಯಲ್ಲಿ ಬೇಕೆಂದು ನೌಕಾಪಡೆ 2021ರ ಏಪ್ರಿಲ್‌ನಲ್ಲಿ ಬಿಇಎಲ್ ಜತೆ ಒಪ್ಪಂದ ಮಾಡಿಕೊಂಡಿತು. ನಮ್ಮ ಬೆಂಗಳೂರಿನ ಕಂಪನಿ. ತಯಾರಿಕೆ ಅದರ ಪುಣೆ ಘಟಕದಲ್ಲಿ. ಎಚ್ಚರಿಕೆಗೆ ಬಗ್ಗದೆ ನಿರ್ಬಂಧಿತ ಪ್ರದೇಶದತ್ತ ಬರುವ ದೋಣಿ, ವಾಹನ, ಡ್ರೋನ್ ಮೇಲೆ ತೀಕ್ಷ್ಣ ಬೆಳಕು ಬಿಟ್ಟು, ಎದುರಿನ ಕಣ್ಣನ್ನೋ ಕ್ಯಾಮೆರಾವನ್ನೋ ಸ್ವಲ್ಪ ಹೊತ್ತು ಮಂಕಾಗಿಸುವುದು ಇದರ ಕೆಲಸ.

ಡೊಂಬಿವಿಲಿಯಲ್ಲಿ ಮನೆ, ನವಿ ಮುಂಬೈಯಲ್ಲಿ ಕಚೇರಿ ಇರುವ ನನಗೆ ಇದು ದೂರದ ವಿಷಯವಲ್ಲ. 2008ರ ನವೆಂಬರ್ 26ರ ಹಂತಕರು ಸಮುದ್ರದಿಂದಲೇ ಬಂದರು. ಆದರೆ ಉರಣ, ಠಾಣೆ ಖಾಡಿಯ ಕೋಳಿ ಮೀನುಗಾರರ ಹೊಟ್ಟೆಪಾಡೂ ಇದೇ ನೀರಿನಲ್ಲಿದೆ. ಕಾರವಾರದ ಕದಂಬ ನೌಕಾನೆಲೆಯ ಆಸುಪಾಸಿನಲ್ಲಿ ನಮ್ಮವರ ದೋಣಿಗಳಿವೆ. ಕತ್ತಲಲ್ಲಿ ದಾರಿ ತಪ್ಪಿದ ದೋಣಿಗೆ ಗುಂಡಿಗಿಂತ ಬೆಳಕು ಎಷ್ಟೋ ವಾಸಿ. ಹಾಗಾಗಿ ನಾನು ಈ ತಂತ್ರಜ್ಞಾನದ ಪರ.

ಆದರೆ ಜೀವ ತೆಗೆಯುವುದಿಲ್ಲ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ. ಕಣ್ಣಿನ ಮಸೂರ ಲೇಸರ್ ಕಿರಣವನ್ನು ರೆಟಿನಾದ ಮೇಲೆ ಒಂದು ಚುಕ್ಕೆಯಾಗಿ ಕೂಡಿಸುತ್ತದೆ. ದೂರದಲ್ಲಿ ಕಣ್ಣು ಕುಕ್ಕುವ ಪ್ರಬಲ ಕಿರಣ, ತೀರಾ ಹತ್ತಿರದಲ್ಲಿ ರೆಪ್ಪೆ ಮುಚ್ಚುವ ಮೊದಲೇ ರೆಟಿನಾ ಸುಡಬಲ್ಲದು. 2023ರ ಗಣೇಶೋತ್ಸವದ ಡಿಜೆ ಲೇಸರ್‌ಗಳಿಂದ ನಾಸಿಕ್‌ನಲ್ಲಿ ಯುವಕರ ದೃಷ್ಟಿಗೆ ಪೆಟ್ಟಾದದ್ದು ವರದಿಯಾಗಿತ್ತು. ಕಲ್ಯಾಣ್, ಠಾಣೆಯ ಮೆರವಣಿಗೆ ನೋಡುವವರಿಗೆ ಆ ಬೆಳಕು ಹೊಸದಲ್ಲ.

ಶಾಶ್ವತವಾಗಿ ಕುರುಡಾಗಿಸಲೆಂದೇ ರೂಪಿಸಿದ ಲೇಸರ್ ಅಸ್ತ್ರಗಳನ್ನು 1995ರ ಅಂತರರಾಷ್ಟ್ರೀಯ ಒಡಂಬಡಿಕೆ ನಿಷೇಧಿಸಿದೆ. ಭಾರತವೂ ಅದನ್ನು ಒಪ್ಪಿದೆ. ಉಳಿದ ಲೇಸರ್ ಬಳಸುವಾಗಲೂ ಮುನ್ನೆಚ್ಚರಿಕೆ, ತರಬೇತಿ ಬೇಕೆನ್ನುತ್ತದೆ ಅದರ 2ನೇ ವಿಧಿ.

ಸಾಫ್ಟ್‌ವೇರ್ ಎಂಜಿನಿಯರ್ ಆಗಿ ನಾನು ಹೇಳುವುದಿಷ್ಟೆ: ತರಬೇತಿಯೊಂದೇ ಸಾಲದು. ಓಲಾಡುವ ಹಡಗಿನ ಮೇಲೆ ನಡುರಾತ್ರಿ ನಿಂತ ಯೋಧ ಅಂತರದ ಲೆಕ್ಕ ಹಾಕುತ್ತಾ ಕೂರಲಾರ. ಆ ಲೆಕ್ಕ ಯಂತ್ರದ್ದಾಗಲಿ. ಗುರಿ ಹತ್ತಿರವಾದಂತೆ ಕಿರಣದ ಶಕ್ತಿ ತಾನಾಗಿ ತಗ್ಗಬೇಕು. ಸುರಕ್ಷಿತ ಅಂತರದೊಳಗೆ ಬಂದರೆ ನಿಲ್ಲಬೇಕು. ಅಂತರ ಅಳೆಯಲಾಗದಿದ್ದರೆ ಹೊತ್ತಲೇಬಾರದು. ಪ್ರತಿ ಬಳಕೆಯ ಸಮಯ, ಅಂತರ, ಅವಧಿ ದಾಖಲಾಗಬೇಕು.

ವೈರಿ ಹತ್ತಿರ ಬಂದಾಗಲೇ ಉಪಕರಣ ಕೈಕೊಟ್ಟರೆ ಎಂದು ಕೇಳಬಹುದು. ಡ್ಯಾಜ್ಲರ್ ಇರುವುದು ದೂರದಲ್ಲೇ ಎಚ್ಚರಿಸಲು. ಬೆಳಕಿಗೂ ಬಗ್ಗದೆ ಮುನ್ನುಗ್ಗುವವನಿಗೆ ಯೋಧನ ಬಳಿ ಬೇರೆ ಉತ್ತರಗಳಿವೆ. ದಾರಿ ತಪ್ಪಿ ಬಂದ ಮೀನುಗಾರನಿಗೆ ಮಾತ್ರ, ಕಣ್ಣು ಹೋದರೆ ಕಸುಬೇ ಹೋಯಿತು. ಆದ್ದರಿಂದ ಈ ನಿಯಮಗಳು ಕೈಪಿಡಿಯ ಸಲಹೆಯಾಗಿ ಉಳಿಯದೆ, ಖರೀದಿಯ ಷರತ್ತಾಗಬೇಕು.